ಅಮ್ಮನಿಗೆ ಬುದ್ಧಿ ಹೆಚ್ಚಾದದ್ದು

ಹೊಲಿಗೆ ಅಂಗಡಿ,
ಮಾರ್ಚ್ ೯, ಭಾನುವಾರ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಹಡಗಿನ ಅಡುಗೆಮನೆಯ ಹೊಗೆಗೆ ನಿನ್ನ ಕೆಮ್ಮು ಜಾಸ್ತಿಯಾಗಿಲ್ಲ ತಾನೆ? ನಾವಿಬ್ಬರೂ ಚೆನ್ನಾಗಿದ್ದೇವೆ. ಫೋನು ಮಾಡೋಣವೆಂದರೆ ಅಮ್ಮ ಪಕ್ಕದಲ್ಲೇ ಇರುತ್ತಾಳೆ, ಅದಕ್ಕೇ ಈ ಪತ್ರ.

ಅಮ್ಮನಿಗೆ ಮರೆವು ಹೆಚ್ಚಾಗಿ, ಒಲೆ ಹಚ್ಚಿಟ್ಟು ಪೇಟೆಗೆ ಹೋಗಿಬಿಡುತ್ತಿದ್ದದ್ದು ನಿನಗೆ ಗೊತ್ತೇ ಇದೆ. ಆಸ್ಪತ್ರೆಯವರು ಕಿವಿಯ ಹಿಂದೆ ಅಕ್ಕಿಕಾಳಿನಷ್ಟು ಚಿಪ್ ಕೂರಿಸಿದರಲ್ಲ, ಮರೆವೇನೋ ಹೋಯಿತು, ಆದರೆ ಬುದ್ಧಿ ಅಲ್ಲಿಗೇ ನಿಲ್ಲಲಿಲ್ಲ. ನಾನು ಕತ್ತರಿ ಎತ್ತುವ ಮೊದಲೇ ಎಷ್ಟು ಬಟ್ಟೆ ಉಳಿಯುತ್ತದೆಂದು ಹೇಳುತ್ತಾಳೆ! ಕೆಳಮನೆಯ ಬೇರೆ ರಾಜ್ಯದ ನರ್ಸಮ್ಮನ ಭಾಷೆಯನ್ನು ಅವರ ಗಂಡಹೆಂಡಿರ ಜಗಳ ಕೇಳಿಕೇಳಿಯೇ ಕಲಿತುಬಿಟ್ಟಳು. ಮೊದಮೊದಲು ನಾನು ಬೀಗಿದ್ದೇ ಬೀಗಿದ್ದು. ಆಮೇಲೆ ಶುರುವಾಯಿತು ಪೇಚಾಟ. ಯಾರು ಬಾಯಿ ತೆರೆದರೂ ಮಾತಿನ ಕೊನೆಯನ್ನು ಅಮ್ಮನೇ ಹೇಳಿಬಿಡುತ್ತಿದ್ದಳು. ಅವಳ ಜೀವದ ಗೆಳತಿ ಟೀಚರಮ್ಮ ತಮ್ಮ ಕನ್ನಡಕ ಕಳೆದ ಕಥೆ ತೆಗೆದರೆ, "ತಲೆ ಮೇಲೇ ಇತ್ತು ತಾನೆ?" ಅಂದಳು. ಟೀಚರಮ್ಮ ಅರ್ಧ ಲೋಟ ಚಹಾ ಬಿಟ್ಟು ಎದ್ದುಹೋದವರು ಮತ್ತೆ ಈ ಕಡೆ ತಲೆಹಾಕಲಿಲ್ಲ. ಅಮ್ಮ ಕಿಟಕಿಯ ಹತ್ತಿರ ಒಬ್ಬಳೇ ಕೂರತೊಡಗಿದಳು.

ಡಾಕ್ಟರ ಬಳಿ ಕರೆದುಕೊಂಡು ಹೋದೆ. "ಚಿಪ್ ತೆಗೀಬಹುದಮ್ಮ. ಆದ್ರೆ ಮರೆವು ವಾಪಸ್ ಬರುತ್ತೆ. ಒಂದಿನ ಮಗಳ ಮುಖಾನೂ ಮರೀಬಹುದು" ಎಂದರು ಅವರು. ಅಮ್ಮ ನನ್ನ ಕಡೆ ತಿರುಗಿ ಕೆನ್ನೆ ಸವರಿದಳು. ಆಮೇಲೆ, "ಇರ್ಲಿ ಬಿಡಪ್ಪ. ಬುದ್ಧಿ ನೀನು ಕೊಟ್ಟೆ. ತಾಳ್ಮೆ ನಾನೇ ಕಲೀತೀನಿ" ಎಂದಳು.

ಹೇಗೆ ಕಲಿತಳು ಗೊತ್ತೇ? ತಾನೇ ಹೋಗಿ ಟೀಚರಮ್ಮನನ್ನು ಅಂಗಡಿಗೆ ಕರೆತಂದಳು. ಅವರು ಮಾತು ಶುರುಮಾಡಿದ್ದೇ ತಡ, ಬಾಯ್ತುಂಬ ನೀರು ತುಂಬಿಕೊಂಡು ಕೂತಳು! ಅವರ ಅಳಿಯ ಏಣಿಯಿಂದ ಬಿದ್ದ ಕಥೆ. ಎಳೆದರು ಅಂದರೆ ಎಳೆದರು. ಅಮ್ಮನ ಕೆನ್ನೆ ಊದಿಕೊಂಡಿದೆ, ಕಣ್ಣು ಕೆಂಪಾಗಿದೆ, ಆದರೂ ಉಸಿರೆತ್ತಲಿಲ್ಲ. ಕೊನೆಗೆ ಟೀಚರಮ್ಮ ಬಗ್ಗಿ ಪಿಸುಗುಟ್ಟಿದರು: "ಏಣಿ ಅಲ್ಲಾಡಿಸಿದ್ದು ನಾನೇ ಕಣೇ!" ಅಷ್ಟು ಬುದ್ಧಿಯಿದ್ದೂ ಇದನ್ನು ಊಹಿಸಿರಲಿಲ್ಲ ಅಮ್ಮ. ನಕ್ಕ ರಭಸಕ್ಕೆ ನೀರೆಲ್ಲ ನಾನು ಹೊಲಿಯುತ್ತಿದ್ದ ಕೋಟಿನ ಮೇಲೆ! ಬೈಯಲು ಮನಸ್ಸೇ ಬರಲಿಲ್ಲ. ಈಗ ಇಬ್ಬರಿಗೂ ದಿನಾ ಇಲ್ಲೇ ಚಹಾ.

ಚಳಿಗಾಳಿಗೆ ಕಿವಿ ಮುಚ್ಚಿಕೋ. ಅಮ್ಮನ ಆಶೀರ್ವಾದವನ್ನು ಅವಳನ್ನು ಕೇಳದೆಯೇ ಬರೆಯುತ್ತಿದ್ದೇನೆ, ಅದು ನಿನಗೆ ಇದ್ದದ್ದೇ.

ನಿನ್ನ ತಂಗಿ,
ಬಾಯಿಬಡುಕಿ

ತಾ.ಕ.: ಹೋದ ವಾರ ಫೋನಿನಲ್ಲಿ "ಊಟ ಆಯ್ತಾ?" ಅಂತ ಅಮ್ಮ ಕೇಳಿದ್ದಕ್ಕೆ "ನಮ್ದಾಯ್ತಮ್ಮ" ಅಂದೆಯಂತೆ. ಇಷ್ಟು ವರ್ಷ "ನಂದಾಯ್ತು" ಅನ್ನುತ್ತಿದ್ದವನು! ನೀನಾಗಿಯೇ ಹೇಳುತ್ತೀಯ ಅಂತ ಅಮ್ಮ ಕಾಯುತ್ತಿದ್ದಾಳೆ. ನನಗೆ ಅಷ್ಟು ತಾಳ್ಮೆಯಿಲ್ಲ. ಯಾರೋ ಅವಳು? ಬೇಗ ಅವಳ ರವಿಕೆ ಅಳತೆ ಕಳಿಸು, ರೇಷ್ಮೆ ತೆಗೆದಿಟ್ಟಿದ್ದೇನೆ.