ಅಪ್ಪ ಮೊಲದ ಕೊನೆಯ ಪುಟ

ಕರೋಲ್ ಬಾಗ್, ಮಾರ್ಚ್ ೨೦೦೬

ಇಂದಿರಾ,

ಅಪ್ಪ ಅಮ್ಮ ಬೇರೆಯಾದ ಮಕ್ಕಳಿಗೆಂದು ಬರೆದ ಪುಸ್ತಕವೊಂದನ್ನು ಗಗನಾಳ ಬ್ಯಾಗಿನಲ್ಲಿಟ್ಟು ಕಳಿಸಿದ್ದೆಯಲ್ಲ, ಇವತ್ತು ಅವಳಿಗೆ ಓದಿ ಹೇಳಿದೆ. ನೀನೂ ನಾನೂ ಮೊದಲಿಂದ ಮಾಡುತ್ತಿದ್ದ ಹಾಗೆ, ಇಂಗ್ಲಿಷ್ ನೋಡಿಕೊಂಡು ಕನ್ನಡದಲ್ಲಿ. ಕೊನೆಯ ಪುಟದಲ್ಲಿ ಅಪ್ಪ ಮೊಲ ಬೇರೆ ಬಿಲದಲ್ಲೇ ಉಳಿಯುತ್ತದೆ. ನಾನು ಓದುವಾಗ ಅದನ್ನು ಮನೆಗೆ ಕರೆತಂದೆ.

ಗಗನಾ ಸಾಲಿನ ಮೇಲೆ ಬೆರಳಿಟ್ಟಳು. “ಐಸಾ ನಹೀ ಲಿಖಾ, ಅಪ್ಪಾ, ಇಲ್ಲಿ ಹಾಗಿಲ್ಲ. ಅಮ್ಮನೂ ಹೀಗೇ ಗಲತ್ ಓದ್ತಾಳೆ.”

ಆಮೇಲೆ ಆ ಪುಟವನ್ನು ಅವಳೇ ಇಂಗ್ಲಿಷಿನಲ್ಲಿ, ಚಿಕ್ಕವರಿಗೆ ಓದುವಂತೆ ನಿಧಾನವಾಗಿ, ನನಗೆ ಓದಿ ಹೇಳಿದಳು.

ನಾಳೆ ಗಗನಾಳ ಜೊತೆ ಪುಸ್ತಕ ಮಾತ್ರ ಕಿದ್ವಾಯಿ ನಗರದ ನಿನ್ನ ಮನೆಗೆ ಬರುತ್ತದೆ. ಈ ಪತ್ರವನ್ನೂ ಕಳಿಸಿದರೆ ನಿನ್ನನ್ನು ಕೇಳಿದಂತಾಗುತ್ತದೆ, ನೀನು ಯಾಕೆ ಆ ಮೊಲವನ್ನು ಮನೆಗೆ ಕರೆತಂದೆ ಎಂದು.