ಬಾಗಿಲಲ್ಲಿ ಬಿಳಿ ನಿಲುವಂಗಿ

ವಾರ್ಡಿನ ದೊಡ್ಡ ಸಿಸ್ಟರ್ ಅವರಿಗೆ ನಮಸ್ಕಾರ.

ಚರ್ಚಿನಿಂದ ನಿವೃತ್ತನಾದ ಮೇಲೆ ನಿಮ್ಮ ರೋಗಿಗಳ ಪಕ್ಕ ಕೂತು ಪ್ರಾರ್ಥಿಸುವ ಸೇವೆ ಹಿಡಿದವನು ನಾನು. ವೈದ್ಯರು ಕೈಚೆಲ್ಲಿದ ಮೇಲೆಯೇ ನೀವು ನನಗೆ ಫೋನ್ ಮಾಡುವುದೆಂದು ಇಡೀ ವಾರ್ಡಿಗೆ ಗೊತ್ತು. ನನ್ನ ಬಿಳಿ ನಿಲುವಂಗಿ ಬಾಗಿಲಲ್ಲಿ ಕಂಡರೆ ಸಾಕು, "ಪಾಸ್ಟರ್ ಬಂದ್ರು, ಇವತ್ತು ಯಾರ ಸರದಿಯೋ" ಎನ್ನುತ್ತಾರೆ. ನಾನೂ ನಗುತ್ತಿದ್ದೆ.

ನಿನ್ನೆ ಒಂದು ಸಮಾಧಿ ಕಾರ್ಯ ಮುಗಿಸಿ, ಬಟ್ಟೆ ಬದಲಿಸದೆ, ಕಿಟಕಿ ಪಕ್ಕದ ಮಂಚದಲ್ಲಿರುವ ನನ್ನ ಹೆಂಡತಿಯ ಹತ್ತಿರ ನೇರ ಬಂದುಬಿಟ್ಟೆ. ಅವಳು ನಿಲುವಂಗಿ ನೋಡಿದಳು.

"ನನ್ನ ಸರದೀನೂ ಬಂತೇನ್ರೀ?"

"ಸುಮ್ನೆ ನೋಡೋಕೆ ಬಂದೆ ಕಣೇ" ಎಂದೆ. ಎಲ್ಲ ರೋಗಿಗಳಿಗೂ ನಾನು ಹೇಳುವುದು ಅದೇ ಮಾತೆಂದು ಅವಳಿಗೆ ಗೊತ್ತು. ಗೋಡೆಯ ಕಡೆ ತಿರುಗಿಕೊಂಡಳು. ಆಗಿನಿಂದ ಒಂದು ತುತ್ತೂ ತಿಂದಿಲ್ಲವಂತೆ.

ನಿಲುವಂಗಿಯನ್ನು ಟ್ರಂಕಿಗೆ ಹಾಕಿದ್ದೇನೆ. ಪ್ರಾರ್ಥಿಸೋಣವೆಂದರೆ ನನಗೆ ಬಾಯೇ ಬರುತ್ತಿಲ್ಲ. ಈ ಸೇವೆಗೆ ಇನ್ನು ಬೇರೆ ಯಾರನ್ನಾದರೂ ನೋಡಿಕೊಳ್ಳಿ. ವೈದ್ಯರು ನಿನ್ನೆ ಬೆಳಿಗ್ಗೆ ನಿಮಗೂ ನನಗೂ ಹೇಳಿದ್ದನ್ನು ದಯವಿಟ್ಟು ಅವಳಿಗೆ ಹೇಳಬೇಡಿ. ನಾಳೆ ಷರ್ಟು ಹಾಕಿಕೊಂಡು ಬರುತ್ತೇನೆ. ಅವಳಿಗೆ ಕೇಳುವಂತೆ "ನಿಮ್ಮ ಯಜಮಾನ್ರು ಬಂದಿದ್ದಾರಮ್ಮ" ಎನ್ನಿ. ಪಾಸ್ಟರ್ ಎನ್ನಬೇಡಿ.

ಇಂತಿ,
ಕಿಟಕಿ ಪಕ್ಕದ ಮಂಚದವಳ ಗಂಡ