ಮುನ್ನಿಯ ಕಂಡಕ್ಟರ್

ಸಿರುಗುಪ್ಪ
20 ನವೆಂಬರ್ 2025, ಗುರುವಾರ

ಪ್ರೀತಿಯ ಮಗಳು ಶಬನಂಗೆ ನಿನ್ನ ಅಪ್ಪನ ಸಲಾಂ, ನಿಮ್ಮವ್ವನ ದುವಾ.

ನಾವಿಬ್ಬರೂ ಆರಾಮಾಗಿದ್ದೇವೆ. ನಿಮ್ಮವ್ವನ ಮೊಣಕಾಲು ನೋವು ಕಡಿಮೆಯಾಗಿದೆ, ಬಾಯಿ ಮಾತ್ರ ಮೊದಲಿನಂತೆಯೇ ಇದೆ. ಭತ್ತದ ಕೊಯ್ಲು ಶುರುವಾಗಿ ಊರೆಲ್ಲ ಹೊಟ್ಟಿನ ಧೂಳು. ಬಾಗಿಲು ತೆಗೆದರೆ ಆಕೆ ನನ್ನ ಮೇಲೆ ರೇಗುತ್ತಾಳೆ, ಹಾಕಿದರೆ ಸೆಖೆ ಎಂದು ರೇಗುತ್ತಾಳೆ.

ಈ ಪತ್ರವನ್ನು ಹನ್ನೆರಡು ದಿನ ಮೊದಲೇ ಬರೆಯಬೇಕಿತ್ತು. ತಡವಾಯಿತು, ತಪ್ಪು ನನ್ನದು. ಫೋನಿನಲ್ಲಿ ಹೇಳೋಣವೆಂದರೆ ಬಳ್ಳಾರಿ ಪಾರ್ವತಿನಗರದ ನಿನ್ನ ಸ್ಟುಡಿಯೋದಲ್ಲಿ ನಿನ್ನ ಬೆನ್ನ ಹಿಂದೆ ಹನ್ನೊಂದು ಜನ ಮಾತಾಡುತ್ತಿರುತ್ತಾರೆ. ನೀನು "ಏನಪ್ಪಾ" ಅನ್ನುತ್ತೀ, ನಾನು "ಏನಿಲ್ಲ ಬಿಡು" ಎಂದು ಇಟ್ಟುಬಿಡುತ್ತೇನೆ. ಹೀಗೆ ನಾಲ್ಕು ಸಲ ಇಟ್ಟಿದ್ದೇನೆ. ಅದಕ್ಕೇ ಇವತ್ತು ಕಾಗದ ಹಿಡಿದು ಕೂತೆ. ಏಳೂವರೆ ಗಾಡಿಯ ಡ್ರೈವರ್ ಎರ್ರಣ್ಣನ ಕೈಯಲ್ಲಿ ಕಳಿಸುತ್ತೇನೆ. ಅವನು ನನ್ನ ಕೈಕೆಳಗೆ ಪಳಗಿದವನು, ನಿನ್ನ ಕೈಗೇ ಕೊಡುತ್ತಾನೆ.

ಮೊದಲು ಒಳ್ಳೆಯ ಸುದ್ದಿ. ನಿಮ್ಮ ಹೊಸ ಕಾರ್ಟೂನ್ ಚಿತ್ರವನ್ನು ಬಿಡುಗಡೆಗೆ ಮೊದಲು ಮೂರೂ ಊರಲ್ಲಿ ತೋರಿಸಿ ಬಂದೆ. ಹಚ್ಚೊಳ್ಳಿಯಲ್ಲಿ ಯಾವಾಗಿನಂತೆ ಪಕ್ಕೀರಮ್ಮನ ಭತ್ತದ ಗೋದಾಮು. ಮಧ್ಯಾಹ್ನ ಬಾಗಿಲು ಹಾಕಿ, ಕಿಟಕಿಗೆ ಗೋಣಿಚೀಲ ಕಟ್ಟಿ, ಬಿಳಿ ದುಪ್ಪಟಿಯ ಮೇಲೆ ಚಿತ್ರ ಬಿಟ್ಟೆ. ನಿಮ್ಮ ಆಡಿನ ಮರಿ ಮುನ್ನಿ ಕಾಣಿಸಿದ ಕೂಡಲೇ ಮಕ್ಕಳು ಕೂಗಿದ ಕೂಗಿಗೆ ಮೇಲಿದ್ದ ಪಾರಿವಾಳಗಳೆಲ್ಲ ಎದ್ದವು. ಕಾಲುವೆಯ ನೀರನ್ನು ನಿನ್ನ ಸ್ಟುಡಿಯೋದ ಹುಲಿಗೇಶ್ ಎಷ್ಟು ಚೆಂದ ಬರೆದಿದ್ದಾನೆಂದರೆ, ಕೊಡ ತಂದಿದ್ದರೆ ತುಂಬಿಕೊಂಡು ಹೋಗುತ್ತಿದ್ದೆ ಎಂದಳು ಪಕ್ಕೀರಮ್ಮ. ಇದಷ್ಟೂ ನಿಜ. ಅವನಿಗೆ ಹೇಳು.

ಇನ್ನು ಉಳಿದದ್ದು. ಎಷ್ಟು ಜನ ನಕ್ಕರೆಂದು ಲೆಕ್ಕ ಬರೆದ ಮೂರೂ ಕಡೆಯ ಶೀಟುಗಳ ಫೋಟೋ ತೆಗೆದು ನಿನ್ನ ಫೋನಿಗೆ ಕಳಿಸಿ, ಕೆಳಗೆ "ಸೂಪರ್" ಎಂದು ಬರೆದಿದ್ದೆನಲ್ಲ, ಅವು ಸುಳ್ಳು ಶೀಟುಗಳು. ಖರೆಯವು ಈ ಲಕೋಟೆಯಲ್ಲಿವೆ. ಇದನ್ನು ಪೂರ್ತಿ ಓದಿದ ಮೇಲೆ ತೆಗೆದು ನೋಡು.

ನಿನಗೆ ಗೊತ್ತು, ಚಿತ್ರ ನಡೆಯುವಾಗ ನಾನು ಪರದೆಗೆ ಬೆನ್ನು ಹಾಕಿ ಜನರ ಕಡೆ ಮುಖ ಮಾಡಿ ಕೂಡುತ್ತೇನೆ. ಮೂವತ್ತೊಂದು ವರ್ಷ ಕಂಡಕ್ಟರಾಗಿ ಬಸ್ಸಿನಲ್ಲಿ ಹಾಗೇ ನಿಂತವನು ನಾನು. ಬಸ್ಸಿನ ದಾರಿಯಂತೆ ಚಿತ್ರವನ್ನು ಹನ್ನೆರಡು ಸ್ಟೇಜು ಮಾಡಿ, ನಕ್ಕವರನ್ನು ಹತ್ತಿದವರ ಸಾಲಿಗೆ, ಎದ್ದು ಹೋದವರನ್ನು ಇಳಿದವರ ಸಾಲಿಗೆ ಗೀಟು ಹಾಕುವ ಪದ್ಧತಿಯನ್ನು ನಾವಿಬ್ಬರೂ ಕೂಡಿ ಕಟ್ಟಿದೆವು. ನಿನ್ನ ಪೀಪಿ ಸ್ಟುಡಿಯೋದ ದೊಡ್ಡ ಯಂತ್ರ ನಮ್ಮಪ್ಪನೇ ಎಂದು ನೀನು ಬಂದವರಿಗೆಲ್ಲ ಹೇಳಿಕೊಂಡು ತಿರುಗಿದೆ. ನನಗೂ ತಲೆ ತಿರುಗಿತೆನ್ನು. ನಿವೃತ್ತನಾದ ಮೇಲೂ ಬೇಕಾದವನಾಗಿದ್ದೆನಲ್ಲ.

ಎರಡನೆಯ ಚಿತ್ರದಲ್ಲಿ ಎರಡು ಸ್ಟೇಜು ನಗುವಿಲ್ಲದೆ ಖಾಲಿ ಇದ್ದವು. ನೀನು ಆಗ ಜ್ವರ ಬಂದು ಮಲಗಿದ್ದೆ. ಸುಮ್ಮನೆ ನಾಲ್ಕು ಗೀಟು ಎಳೆದೆ. ಮೂರನೆಯದರಲ್ಲಿ ಐದು ಸ್ಟೇಜು ಖಾಲಿ, ಅವನ್ನೂ ತುಂಬಿದೆ. ಚಿತ್ರ ಬಂದಾಗ ಜನ ನೋಡಿದರು, ನೋಡದೆ ಬಿಡುತ್ತಾರೆಯೇ. ಇಲ್ಲಿ ಆಟೋ ಹಿಂದೆಲ್ಲ ಮುನ್ನಿ, ಸಾಲಿ ಚೀಲದ ಮೇಲೆ ಮುನ್ನಿ, ಹುಟ್ಟಿದ ಆಡಿನ ಮರಿಗಳಿಗೆಲ್ಲ ಅದೇ ಹೆಸರು. ಆದರೆ ಫೋನಿನಲ್ಲಿ ಚಿತ್ರದ ಕೆಳಗೆ ಯಾರೋ "ಮೊದಲಿನ ಮುನ್ನಿ ಎಲ್ಲಿ" ಎಂದು ಬರೆದರು. ಅವರ ಹಿಂದೆ ನೂರಾರು ಜನ ಅದನ್ನೇ ಬರೆದರು. ಅವತ್ತು ನೀನು ಮನೆಗೆ ಬಂದು ನಿಮ್ಮವ್ವನ ಮಡಿಲಲ್ಲಿ ತಲೆ ಇಟ್ಟು ಹೇಳಿದ್ದು ನನಗೆ ಅಡುಗೆಮನೆಗೆ ಕೇಳಿಸಿತು.

"ಅವ್ರು ಏನರ ಬರೀಲಿ ಬೇ. ನಮ್ಮಪ್ಪನ ಶೀಟು ಸುಳ್ಳು ಹೇಳಂಗಿಲ್ಲ."

ಆಗಲೇ ಹೊರಗೆ ಬಂದು ಹೇಳಬೇಕಿತ್ತು. ನಾನು ಚಹಾ ಸೋಸುತ್ತ ನಿಂತೆ.

ಈ ನಾಲ್ಕನೆಯದು ಎಂಥದೆಂದು ನಿನಗಿಂತ ಯಾರಿಗೆ ಗೊತ್ತು. ಹದಿನಾಲ್ಕು ತಿಂಗಳ ಕೆಲಸ, ಒಂದೂಕಾಲು ಗಂಟೆಯ ಚಿತ್ರ. ಜನ ಕಾಯುತ್ತಿದ್ದಾರೆ, ಈ ಸಲ ಅವರ ಮನಸ್ಸು ಮುರಿದರೆ ಮತ್ತೆ ತಿರುಗಿ ನೋಡುವುದಿಲ್ಲ, ಸ್ಟುಡಿಯೋ ಉಳಿಯುವುದಿಲ್ಲ ಎಂದು ನೀನೇ ಹೇಳಿದ್ದೆ. ಅಂಥದ್ದನ್ನು ಕೈಯಲ್ಲಿ ಹಿಡಿದುಕೊಂಡು ನಾನು ಮೂರು ಊರು ಸುತ್ತಿದೆ. ಮೊದಲ ಸ್ಟೇಜಿನ ಕೂಗಾಟ ಮುಗಿದ ಮೇಲೆ ಯಾರೂ ನಗಲಿಲ್ಲ, ಮಗಳೇ. ಬೇಜಾರಾಗಿ ಎದ್ದೂ ಹೋಗಲಿಲ್ಲ. ನಮ್ಮ ಮುನ್ನಿ ಎಂಬ ಪ್ರೀತಿಗೆ ಕೂತರು. ಮುಂದಿನ ಸ್ಟೇಜಿನಲ್ಲಿ ನಗಬಹುದು ಎಂದು ಕಾದರು. ಆ ಕಾಯುವ ಮುಖಗಳನ್ನು ನಾನು ಎದುರಿಗೆ ಕೂತು ನೋಡಿದೆ. ಎದ್ದು ಹೋಗಿದ್ದರೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಕುರುಗೋಡಿನ ಸಾಲಿಯಲ್ಲಿ ಚನ್ನಬಸವರಾಜ ಮಾಸ್ತರು ಮಕ್ಕಳಿಗೆ ಮೊದಲೇ "ನಗಬೇಕು" ಎಂದು ಹೇಳಿಕೊಟ್ಟಿದ್ದರು, ಪಾಪ. ನಕ್ಕದ್ದು ಏಳೇ ಜನ, ಅದೂ ಮಾಸ್ತರ ಮುಖ ನೋಡಿ. ಕೆಂಚನಗುಡ್ಡದಲ್ಲಿ ಒಬ್ಬ ಹುಡುಗಿ ನನ್ನ ಅಂಗಿ ಜಗ್ಗಿ, ಚಿತ್ರದಲ್ಲಿದ್ದ ಕಂಡಕ್ಟರನ್ನು ತೋರಿಸಿ, ಇವನು ಬೇರೆ ಕಂಡಕ್ಟರಾ ಎಂದು ಕೇಳಿದಳು. ಹಚ್ಚೊಳ್ಳಿಯಲ್ಲಿ ದುಪ್ಪಟಿ ಮಡಚುವಾಗ ಪಕ್ಕೀರಮ್ಮ ಹತ್ತಿರ ಬಂದು ಮೆಲ್ಲಗೆ ಕೇಳಿದ ಮಾತನ್ನು ಹಾಗೇ ಬರೆಯುತ್ತೇನೆ.

"ಸಾಹೇಬ್ರ, ಆ ಕಂಡಕ್ಟರಗ ಮೈಯಾಗ ಆರಾಮ ಇಲ್ಲೇನ್ರಿ? ಯಾರಿಗೂ ಒಂದು ಮಾತು ಅನವಲ್ಲ. ಅವ ಬೈದ್ರ ಅಲ್ಲೇನ್ರಿ ಮುನ್ನಿ ಅವನ ಟಿಕೆಟ್ಟು ತಿನ್ನೋದು?"

ನಾನು ನಕ್ಕು, ಬರೆದವರಿಗೆ ಹೇಳುತ್ತೇನೆ ಎಂದೆ. ಬಸ್ಸಿನಲ್ಲಿ ಕೂತಾಗ ಗೊತ್ತಾಯಿತು, ಮೂರು ವಾಕ್ಯದಲ್ಲಿ ಆಕೆ ಇಡೀ ರೋಗ ಹೇಳಿಬಿಟ್ಟಿದ್ದಳು.

ಮೊದಲ ಚಿತ್ರದ ಕಂಡಕ್ಟರ್ ನಾನೇ ಎಂದು ಸಿರುಗುಪ್ಪ ಡಿಪೋದಲ್ಲಿ ಎಲ್ಲರಿಗೂ ಗೊತ್ತು. ಅದೇ ಮೀಸೆ, ಅದೇ ಕಿವಿಯ ಮೇಲಿನ ಪೆನ್ನು, ಚಿಲ್ಲರೆ ಇಲ್ಲದವರ ಮೇಲೆ ಅದೇ ಹಾರಾಟ. ಎರಡನೆಯದರಲ್ಲಿ ಅವನು ಸ್ವಲ್ಪ ಮೆತ್ತಗಾದ. ಮೂರನೆಯದರಲ್ಲಿ ಮುದುಕರ ಚೀಲ ಹೊತ್ತ. ಈಗಿನದರಲ್ಲಂತೂ ಮುನ್ನಿಗೆ ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟು ತಾನು ನಿಂತೇ ಬರುತ್ತಾನೆ. ಅಂಥ ಕಂಡಕ್ಟರನ್ನು ನಮ್ಮ ಇಲಾಖೆ ಇನ್ನೂ ನೇಮಕ ಮಾಡಿಕೊಂಡಿಲ್ಲ.

ಯಾಕೆ ಹೀಗಾಯಿತೆಂದು ಮೊನ್ನೆ ನಿಮ್ಮವ್ವ ಲಾಲಬೀಯನ್ನು ಕೇಳಿದೆ. ಗುಟ್ಟಿನ ಮಾತಿಗೆ ಆಕೆ ಯಾವತ್ತೂ ಸುಲಭಕ್ಕೆ ಬಾಯಿಬಿಡುವವಳಲ್ಲ. ಮೊನ್ನೆ ಬಿಟ್ಟಳು. ಬಳ್ಳಾರಿಯಲ್ಲಿ ಮೊದಲ ಚಿತ್ರ ನೋಡಿ ಬಂದ ದಿನ ನಾನು ಊಟ ಮಾಡದೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದನ್ನು ನಿನಗೆ ಹೇಳಿದಳಂತೆ. ನೀನು ಅತ್ತೆಯಂತೆ. "ಇನ್ನ ಮ್ಯಾಲ ಜನಾ ಅಪ್ಪನ್ನ ನೋಡಿ ನಗೂವಂಗ ಮಾಡಂಗಿಲ್ಲ" ಎಂದು ಅವಳ ಕೈ ಹಿಡಿದು ಹೇಳಿದೆಯಂತೆ. ಮಾತು ಉಳಿಸಿಕೊಂಡಿದ್ದೀಯ. ನನ್ನನ್ನು ನೋಡಿ ಜನ ನಗುವುದನ್ನು ನಿಲ್ಲಿಸಿದ್ದೀಯ.

ನೋಡು, ಎಂಥ ಜೋಡಿ ನಾವು. ನೀನು ನನಗೆ ನೋವಾಗದಿರಲೆಂದು ಚಿತ್ರದಿಂದ ನಗು ತೆಗೆದೆ. ನಾನು ನಿನಗೆ ನೋವಾಗದಿರಲೆಂದು ಶೀಟಿನಲ್ಲಿ ಆ ನಗು ತುಂಬಿದೆ. ನಡುವೆ ಕೂತು ಮೋಸ ಹೋದವರು ಮುನ್ನಿಯನ್ನು ನೋಡಲು ಬಂದ ಮಕ್ಕಳು.

ಅವತ್ತು ಊಟ ಬಿಟ್ಟದ್ದು ಹೊಟ್ಟೆ ಸರಿಯಿಲ್ಲದೆ, ಅಷ್ಟೆ. ಚಿತ್ರ ತೋರಿಸಿದ ಸಭೆಯಲ್ಲಿ ಕೊಟ್ಟ ಮಿರ್ಚಿ ನಾಲ್ಕು ತಿಂದಿದ್ದೆ. ಅದನ್ನು ತಲೆಗೆ ಹಚ್ಚಿಕೊಳ್ಳಬೇಡ.

ಚಿತ್ರ ಬಿಡುಗಡೆಗೆ ಇನ್ನು ಹದಿನೈದು ದಿನವಿದೆ. ನಿಲ್ಲಿಸು. ಜನ ಬೈಯುತ್ತಾರೆ, ಬೈಯಲಿ, ಕಾಯುವವರೇ ಬೈಯುವುದು. ಹುಲಿಗೇಶನ ನೀರು ಹಾಗೇ ಇರಲಿ, ಮುನ್ನಿಯ ಹಾಡು ಇರಲಿ. ಕಂಡಕ್ಟರನ್ನು ಮಾತ್ರ ಹೊಸದಾಗಿ ಬರಿ. ಎಷ್ಟು ತಿಂಗಳು ಬೇಕಾದರೂ ಆಗಲಿ. ತಯಾರಾದ ಮೇಲೆ ತೋರಿಸಲು ನನ್ನನ್ನೇ ಕಳಿಸುತ್ತೀಯೋ, ಬೇರೆಯವರನ್ನು ಕಳಿಸುತ್ತೀಯೋ ನಿನಗೆ ಬಿಟ್ಟದ್ದು. ಸುಳ್ಳು ಶೀಟು ಬರೆದ ಕಂಡಕ್ಟರನ್ನು ಇಲಾಖೆ ಸಸ್ಪೆಂಡ್ ಮಾಡುತ್ತದೆ. ನೀನು ಮಾಡಿದರೆ ನಾನು ಮರುಮಾತಾಡುವುದಿಲ್ಲ. ಆದರೆ ಹಚ್ಚೊಳ್ಳಿಯವರು ಇನ್ನೊಬ್ಬರಿಗೆ ಗೋದಾಮಿನ ಕೀಲಿ ಕೊಡುತ್ತಾರೋ ಇಲ್ಲವೋ ವಿಚಾರಿಸಿಕೋ.

ಸಿಟ್ಟಾದರೆ ಫೋನ್ ಮಾಡಿ ಬೈಯಿ. ಸುಮ್ಮನಿರಬೇಡ. ನೀನು ಸುಮ್ಮನಾದರೆ ನನಗೆ ತಡೆಯುವುದಿಲ್ಲ, ಚಿಕ್ಕವಳಿದ್ದಾಗಿನಿಂದಲೂ ತಡೆಯುವುದಿಲ್ಲ. ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಕಣ್ಣಿಗೆ, ಕೈಗೆ ದೇವರು ಶಕ್ತಿ ಕೊಡಲಿ. ನಿನ್ನ ಜೊತೆ ಕೂತು ಬರೆಯುವ ಅಷ್ಟೂ ಮಕ್ಕಳ ಅನ್ನ ಗಟ್ಟಿಯಾಗಿರಲಿ.

ನಿನ್ನ ಅಪ್ಪ
ಇಮಾಮಹುಸೇನ್

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಮಿರ್ಚಿಯ ಮಾತು ಸುಳ್ಳು. ಇವತ್ತೊಂದು ದಿನವಾದರೂ ಸುಳ್ಳು ಬರೆಯಬಾರದೆಂದು ಲಕೋಟೆ ಮತ್ತೆ ಬಿಚ್ಚಿದ್ದೇನೆ.

ಅವತ್ತು ನನಗೆ ನೋವಾದದ್ದು ಜನ ನಕ್ಕರೆಂದಲ್ಲ. ನೀನು ನಾಲ್ಕನೆಯ ಇಯತ್ತೆಯಲ್ಲಿದ್ದೆ, ಬೇಸಿಗೆ ರಜೆ. ಕೆಂಚನಗುಡ್ಡದ ಗಾಡಿಯಲ್ಲಿ ಡ್ರೈವರ್ ಹಿಂದಿನ ಸೀಟಿನಲ್ಲಿ ನಿನ್ನನ್ನು ಕೂಡಿಸಿದ್ದೆ. ಒಬ್ಬ ಹೆಂಗಸು ಸೆರಗಿನಲ್ಲಿ ಆಡಿನ ಮರಿ ಮುಚ್ಚಿಕೊಂಡು ಹತ್ತಿದ್ದಳು. ಅದು ಕೂಗಿತು. ಮುಂದೆ ಚೆಕಿಂಗ್ ಇದೆ ಎಂದು ಯಾರೋ ಹೇಳಿದ್ದರು. ನಾನು ಸೀಟಿ ಊದಿ ಆ ಉರಿಬಿಸಿಲಲ್ಲಿ ನಡುದಾರಿಯಲ್ಲಿ ಆಕೆಯನ್ನು ಇಳಿಸಿದೆ. ಆಕೆ ಜಗಳವಾಡಲಿಲ್ಲ. ಮರಿಯ ತಲೆಯ ಮೇಲೆ ಸೆರಗು ಎಳೆದು ನಿಂತಳು. "ಅಪ್ಪಾ, ಗಾಡಿ ಹಿಂದಕ ತಗೊಳ್ಳಾಕ ಹೇಳು" ಎಂದು ನೀನು ನನ್ನ ಚೀಲ ಹಿಡಿದು ಜಗ್ಗಿದೆ. ನಾನು ರೈಟ್ ಕೊಟ್ಟೆ, ಗಾಡಿ ಮುಂದೆ ಹೋಯಿತು. ಸಿರುಗುಪ್ಪ ಬರುವವರೆಗೆ ನೀನು ನನ್ನ ಮುಖ ನೋಡಲಿಲ್ಲ.

ನಿನ್ನ ಮೊದಲ ಚಿತ್ರದ ಕೊನೆಗೆ ಆ ಸಿಡುಕ ಕಂಡಕ್ಟರ್ ಸೀಟಿ ಊದುತ್ತಾನೆ, ಬಸ್ಸು ಹಿಂದಕ್ಕೆ ಬರುತ್ತದೆ, ಇಳಿಸಿದ ಮುದುಕಿಯನ್ನೂ ಮುನ್ನಿಯನ್ನೂ ಬೈಯುತ್ತಲೇ ಹತ್ತಿಸಿಕೊಳ್ಳುತ್ತಾನೆ. ಬಳ್ಳಾರಿಯ ಆ ಹಾಲ್ ಪೂರ್ತಿ ಎದ್ದು ಚಪ್ಪಾಳೆ ಹೊಡೆಯಿತು. ನನ್ನ ಕೈ ಮೇಲೇಳಲಿಲ್ಲ. ನಿನಗೆ ನೆನಪಿದೆ ಎಂದು ನನಗೆ ಗೊತ್ತಾದದ್ದು ಆಗಲೇ. ನಾನು ಮಾಡದೆ ಬಿಟ್ಟದ್ದನ್ನು ನೀನು ನನ್ನ ಹೆಸರಿನಲ್ಲಿ ಮಾಡಿಸಿದ್ದೆ.

ಅವನನ್ನು ಮೊದಲಿನ ಹಾಗೆಯೇ ಕೆಟ್ಟವನಾಗಿ ಬರಿ, ಮಗಳೇ. ಅವನು ಮೊದಲೇ ಒಳ್ಳೆಯವನಾಗಿದ್ದರೆ ಗಾಡಿ ಹಿಂದಕ್ಕೆ ತರುವ ಕೆಲಸವೇ ಅವನಿಗೆ ಇರುವುದಿಲ್ಲ.